ಹದಿನಾರು ಬೈಟಿಗೆ ಒಂದು ಪುಟ

ಎಸ್ಕೊ ಕೇಳಿದ್ದು ಹದಿನಾರು ಬೈಟು, ಅಷ್ಟೆ.
ಔಲು ಬಂದರಿನ ಹಿಂದೆ, ಮೂರನೆಯ ಮಹಡಿ,
ಸಂಜೆ ನಾಲ್ಕಕ್ಕೇ ಕತ್ತಲು ಕೂತ ಕೋಣೆಯಲ್ಲಿ
ಕಾಫಿ ಲೋಟದ ಅಡಿಯಿಂದ ನಕ್ಷೆ ಎಳೆದು
ಬೆರಳಿಟ್ಟು ತೋರಿಸಿದ: ಇಲ್ಲಿಂದ ಇಲ್ಲಿಗೆ.
ಮಂಜುಗಡ್ಡೆಯ ದಪ್ಪ ಅಳೆಯುವ ಕಾರ್ಡು,
ಅದರ ನಾಲ್ಕೇ ನಾಲ್ಕು ರಿಜಿಸ್ಟರು.
"ನನ್ನ ಪ್ರೋಗ್ರಾಮಿಗೆ ನೇರ ಕಾಣಲಿ, ಇರ್ಮೆಲಿ.
ಪ್ರತಿ ಸಲ ನಿನ್ನ ಕರ್ನಲ್ಲಿನ ಕದ ತಟ್ಟಿ
ಚಪ್ಪಲಿ ಬಿಟ್ಟು ನಿಲ್ಲಲಾರೆ."

ನೇರ ಎಂಬ ಮಾತು ಕೇಳಲು ಚೆಂದ.
ಆದರೆ ನನ್ನ ಬಳಿ ಅಷ್ಟು ಸಣ್ಣ ಕಿಟಕಿಯಿಲ್ಲ.
ಈ ಯಂತ್ರದಲ್ಲಿ ಗೋಡೆ ಕೊರೆಯುವ ಅತಿ ಚಿಕ್ಕ ಅಳತೆ
ಒಂದು ಪುಟ, ನಾಲ್ಕು ಸಾವಿರದ ತೊಂಬತ್ತಾರು ಬೈಟು.
ಬೆರಳು ಕೇಳಿದವನಿಗೆ ಹಸ್ತ ಕೊಟ್ಟೇ ತೀರಬೇಕು.
ಅದೇ ಪುಟದಲ್ಲಿ, ಅವನ ನಾಲ್ಕು ಮನೆ ದಾಟಿದರೆ
ಕಾರ್ಡನ್ನೇ ಮಲಗಿಸಿಬಿಡುವ ರೀಸೆಟ್ಟು.
ಅದರ ಮಗ್ಗುಲಿಗೆ, ಅಳತೆಯನ್ನು
ಮೆಮೊರಿಯ ಯಾವ ಮೂಲೆಗೆ ಹಾಕಬೇಕೆನ್ನುವ ವಿಳಾಸ.
ಅಲ್ಲೊಂದು ಅಂಕಿ ತಪ್ಪಿದರೂ
ಕಾರ್ಡು ಹೋಗಿ ಯಾರದೋ ಅಂಗಳದಲ್ಲಿ ಬರೆದು ಬರುತ್ತದೆ,
ಯಾರನ್ನೂ ಕೇಳದೆ,
ನನ್ನನ್ನೂ.

ರೀಸೆಟ್ಟನ್ನು ಪಕ್ಕದ ಪುಟಕ್ಕೆ ಸರಿಸು ಎಂದೆ.
ಚಿಪ್ಪು ಆಗಲೇ ಎರಕವಾಗಿದೆ, ಹತ್ತು ಸಾವಿರ, ಎಂದ.

ಇನ್ನು ಆ ಮೂರನೆಯ ರಿಜಿಸ್ಟರು.
ಓದಿದರೆ ಅಳಿಸಿಹೋಗುವ ಜಾತಿ ಅದು.
ಇಬ್ಬರು ಓದಿದರೆ ಮೊದಲು ಬಂದವರಿಗೆ ಬಿರುಕು,
ಎರಡನೆಯವರಿಗೆ ಸೊನ್ನೆ,
ಎಲ್ಲ ಕ್ಷೇಮ ಎನ್ನುವ ಸೊನ್ನೆ.
ಸುಮ್ಮನೆ ಇಣುಕಿದ ಡಿಬಗ್ಗರು ಕೂಡ
ತನಗೇ ತಿಳಿಯದೆ ಕಳ್ಳನಾಗುತ್ತದೆ.

ಶನಿವಾರ ಹೈಲುವೋಟೊ ದ್ವೀಪಕ್ಕೆ ಹೋದೆ,
ಹೆಪ್ಪುಗಟ್ಟಿದ ಸಮುದ್ರದ ಮೇಲಿನ ರಸ್ತೆ,
ಎರಡು ಬದಿಗೂ ನೆಟ್ಟ ಕೋಲುಗಳು.
ವುವೊಕ್ಕೊ ಟ್ರ್ಯಾಕ್ಟರು ನಿಲ್ಲಿಸಿ ಬೈರಿಗೆ ಇಳಿಸುತ್ತಿದ್ದಳು.
ರಸ್ತೆಯ ಮೇಲಲ್ಲ, ಆಚೆಗೆ, ಹತ್ತು ಹೆಜ್ಜೆ.
"ತೂತು ಕೊರೆದ ಜಾಗ ಮೊದಲಿನ ಹಾಗಿರೋದಿಲ್ಲ ನೋಡು,"
ಮೂಗು ಒರೆಸಿಕೊಂಡು ಹೇಳಿದಳು,
"ಬಂದವರೆಲ್ಲ ಕೊರೆದರೆ ರಸ್ತೆ ಜರಡಿ.
ನಾನೊಬ್ಬಳು ಕೊರೀತೀನಿ. ಹಲಗೆ ಮೇಲೆ ಬರೀತೀನಿ.
ಓದೋರು ಓದಲಿ."
ಹಲಗೆಯಲ್ಲಿ ದಪ್ಪವಿತ್ತು, ಕೊರೆದ ಗಂಟೆಯೂ ಇತ್ತು.
ಮೊದಲಿನ ಅಂಕಿ ಒರೆಸಿ ಹೊಸದು ಬರೆಯುವಷ್ಟು ಹೊತ್ತು
ಹಲಗೆಯನ್ನು ಬೆನ್ನು ತಿರುಗಿಸಿ ಹಿಡಿದಳು.
ಅರ್ಧ ಬರೆದದ್ದನ್ನು ಯಾರಿಗೂ ತೋರಿಸಲಿಲ್ಲ.

ಸೋಮವಾರ ಹಳೆಯ ಕರಡು ಹರಿದೆ.
ಕಾರ್ಡಿನ ಪುಟ ನನ್ನಲ್ಲೇ ಇರುತ್ತದೆ,
ಕ್ಯಾಶಿಗೆ ಬಾಯಿಪಾಠ ಮಾಡಬೇಡವೆಂದು ತಾಕೀತು.
ಒಮ್ಮೆ ಓದುತ್ತೇನೆ, ಬೇರೊಂದು ಸಾದಾ ಪುಟಕ್ಕೆ ಬರೆಯುತ್ತೇನೆ,
ಎಲ್ಲರಿಗೂ ಅದನ್ನೇ ತೋರಿಸುತ್ತೇನೆ, ಓದುವುದಕ್ಕೆ ಮಾತ್ರ.
ತುದಿಯಲ್ಲೊಂದು ಎಣಿಕೆ:
ಬೆಸವಿದ್ದರೆ ಇನ್ನೂ ಬರೆಯುತ್ತಿದ್ದೇನೆ, ತಾಳು;
ಸಮವಿದ್ದು, ಓದಿ ಮುಗಿಸಿದಾಗಲೂ ಅದೇ ಇದ್ದರೆ, ನಂಬು.

"ಹಾಗಾದರೆ ಇದು ತಂಗಳು," ಎಂದ ಎಸ್ಕೊ.
ಹೌದು, ಎರಡು ಮೈಕ್ರೋಸೆಕೆಂಡಿನ ತಂಗಳು.
ಮಾತಾಡದೆ ಕೇಬಲ್ಲು ಕಿತ್ತ, ಸಿಟ್ಟಿಗೋ ಪರೀಕ್ಷೆಗೋ.
ಕಾರ್ಡು ಇಲ್ಲದ ವಿಳಾಸವನ್ನು ಓದಿದರೆ
ಉತ್ತರ ಬಾರದಿರುವುದಿಲ್ಲ. ಬರುತ್ತದೆ,
ಒಂದು ಒಂದು ಒಂದು, ಮೇಲಿಂದ ಕೆಳಗೆ ಬರೀ ಒಂದು.
ಅವನ ನೇರ ಕಿಟಕಿಯಲ್ಲಿ ಆ ಕ್ಷಣ
ಸಮುದ್ರ ತಳದವರೆಗೂ ಗಡ್ಡೆ,
ಲಾರಿ ಬಿಡಬಹುದು, ರೈಲೇ ಬಿಡಬಹುದು.
ನನ್ನ ಪುಟದಲ್ಲಿ: ಗೊತ್ತಿಲ್ಲ.
ಅದಕ್ಕೆಂದೇ ಒಂದು ಬೈಟು ತೆಗೆದಿಟ್ಟಿದ್ದೆ.

ತುಂಬ ಹೊತ್ತು ನೋಡಿದ. ಕೇಬಲ್ಲು ಮತ್ತೆ ಸಿಕ್ಕಿಸಿದ.
ಒಪ್ಪಿದೆ ಎಂದು ಇವತ್ತಿನವರೆಗೂ ಹೇಳಿಲ್ಲ.
ಅವನ ಮೇಜಿನ ಕೆಳಗಿನ ಹಳೆಯ ಯಂತ್ರದಲ್ಲಿ
ಇಡೀ ಪುಟ ಇನ್ನೂ ತೆರೆದೇ ಇದೆ, ನನಗೆ ಗೊತ್ತು.
ಆ ಕಡೆ ಹೋದಾಗ
ಕಾಲು ತಾಗದ ಹಾಗೆ ದಾಟುತ್ತೇನೆ.